ಅಬಿಂಗ್ಡನ್ನಿನ ತೆರೆದ ಬಂಡಿ

ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸನ ಮೋಟಾರು ಮಳಿಗೆಯಾಗಿದ್ದ ಮಾರಿಸ್ ಗ್ಯಾರೇಜಸ್ಸಿನ ಆಡಳಿತವನ್ನು 1922ರಲ್ಲಿ ವಹಿಸಿಕೊಂಡ ಸೆಸಿಲ್ ಕಿಂಬರನು, ಸಾಮಾನ್ಯ ಗೃಹಸ್ಥರ ಉಪಯೋಗಕ್ಕೆಂದು ನಿರ್ಮಿತವಾದ ಕಾರುಗಳ ಯಂತ್ರಭಾಗಗಳನ್ನೇ ತೆಗೆದುಕೊಂಡು ಅವಕ್ಕೆ ಹಗುರವೂ ಚೆಲುವೂ ಆದ ಮೈಯನ್ನು ತೊಡಿಸಿದುದರಿಂದ ಎಂ.ಜಿ. ಎಂಬ ಹೆಸರಿನ ಬಂಡಿಗಳು ಹುಟ್ಟಿದುವು. 1929ರಲ್ಲಿ ಈ ಉದ್ಯಮವು ಅಬಿಂಗ್ಡನ್ ಎಂಬ ಊರಿನ ಚರ್ಮದ ಕಾರ್ಖಾನೆಯೊಂದರ ತೆರವಾದ ಭಾಗಕ್ಕೆ ಬಂದು ನೆಲೆಸಿತು.

ಕಿಂಬರನ ಈ ಮೂಲಸೂತ್ರವೇ ಮುಂದೆ ಈ ಬಂಡಿಗಳ ಎರಡನೆಯ, ಮೂರನೆಯ ಒಡೆಯರ ಭಾಗ್ಯವಾಗಿ ಪರಿಣಮಿಸಿತೆಂದು ನಾನು ನಂಬುತ್ತೇನೆ. 1962ರಿಂದ 1980ರವರೆಗೆ ತಯಾರಾದ, ಮುಚ್ಚಿದ ಮಾದರಿಯೂ ಸೇರಿ ಸಂಖ್ಯೆಯಲ್ಲಿ ಐದು ಲಕ್ಷವನ್ನು ಮೀರಿದ ಎಂ.ಜಿ.ಬಿ. ಎಂಬ ಬಂಡಿಯಲ್ಲಿದ್ದುದು 1798 ಸಿ.ಸಿ.ಯ ಸರಳ ಎಂಜಿನ್ನು. ಅದೇ ವಂಶದ 1489 ಸಿ.ಸಿ.ಯ ಎಂಜಿನ್ನು ನಮ್ಮ ಅಂಬಾಸಿಡರನ್ನು ಬಹುಕಾಲ ಎಳೆದುದರಿಂದ, ಕನ್ನಡನಾಡಿನ ಹಿರಿಯ ಮೆಕ್ಯಾನಿಕ್ಕುಗಳಿಗೂ ಆ ಬಾನೆಟ್ಟಿನ ಕೆಳಗಿನ ಲೋಕ ಅಪರಿಚಿತವಾಗಿ ತೋರದು.

ಆದರೆ ಹಳೆಯ ಬಂಡಿಯನ್ನು ಕೊಳ್ಳಬಂದವನು ಎಂಜಿನ್ನಿನ ನಾದಕ್ಕೆ ಮರುಳಾಗಿ ಮೈಯನ್ನು ಮರೆಯಲಾಗದು. ಎಂ.ಜಿ.ಬಿ.ಗೆ ಪ್ರತ್ಯೇಕ ಚಾಸಿ ಇಲ್ಲ. ಉಕ್ಕಿನ ಹಾಳೆಗಳನ್ನು ಬೆಸೆದು ಮಾಡಿದ ಮೈಯೇ ಸಮಸ್ತ ಭಾರವನ್ನೂ ಹೊರತಕ್ಕದ್ದು. ಮುಚ್ಚಿದ ಕಾರಿನಲ್ಲಿ ಛಾವಣಿಯು ಹಂಚಿಕೊಳ್ಳುವ ಹೊಣೆಯು ತೆರೆದ ಬಂಡಿಯಲ್ಲಿ, ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಚಾಚಿರುವ ಪೊಳ್ಳು ಉಕ್ಕಿನ ಪೆಟ್ಟಿಗೆಗಳ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಹಿಮವನ್ನು ಕರಗಿಸಲೆಂದು ಆಂಗ್ಲ ರಸ್ತೆಗಳಿಗೆ ಎರಚುವ ಉಪ್ಪು ನೀರಿನೊಡನೆ ಅಲ್ಲಿಗೇ ಸೇರಿ, ಹೊರಗಿನ ಬಣ್ಣವಿನ್ನೂ ಮಾಸದಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತ ಬರುತ್ತದೆ. ಆದುದರಿಂದ ಬಲ್ಲವರು ಮೊದಲು ಬಾಗಿಲ ಸಂದನ್ನು ಪರೀಕ್ಷಿಸುವರು. ಜಾಕಿಯಿಂದ ಒಂದು ಪಕ್ಕವನ್ನು ಎತ್ತಿದಾಗ ಆ ಸಂದು ಬದಲಾಗಿ ಬಾಗಿಲು ಬಿಗಿದುಕೊಂಡಿತೆಂದರೆ, ಬೆಲೆಯು ಎಷ್ಟೇ ಅಗ್ಗವಾಗಿರಲಿ, ಬರಿಗೈಯಲ್ಲಿ ಹಿಂದಿರುಗುವರು.

ಕೊಂಡ ಮೇಲಿನ ಸಹವಾಸವೂ ಶ್ರದ್ಧೆಯನ್ನು ಬೇಡುತ್ತದೆ. ಮೊದಲ ವರ್ಷಗಳ ಬಂಡಿಗಳಲ್ಲಿ ಆಸನಗಳ ಹಿಂದೆ ಅಡಗಿದ್ದ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು, ಅವು ಕಣ್ಣಿಗೆ ಬೀಳವೆಂಬ ಕಾರಣದಿಂದಲೇ, ಒಡೆಯರು ಮರೆಯುತ್ತಿದ್ದರು. ತುಳುಕಿದ ಆಮ್ಲವು ಅವುಗಳ ತೊಟ್ಟಿಯನ್ನೇ ತಿಂದುಬಿಡುತ್ತಿದ್ದಿತು. ಎಸ್.ಯು. ಕಾರ್ಬ್ಯುರೇಟರುಗಳು ಎರಡೂ ಸಮನಾಗಿ ಗಾಳಿಯೆಳೆಯುವಂತೆ ಹೊಂದಿಸಬೇಕು, ಅವುಗಳಿಗೆ ಆಗಾಗ ಎಣ್ಣೆ ತುಂಬಬೇಕು. ಕೆಲವೇ ಸ್ಪ್ಯಾನರುಗಳಿಂದ ಮನೆಯಂಗಳದಲ್ಲಿ ಕಲಿಯಬಹುದಾದ ಈ ಕೆಲಸಗಳಿಂದ, ಹೊಸ ಬಂಡಿಗೆ ಹಣವಿಲ್ಲದವನೂ ಅದರ ಒಡೆಯನಾಗಿ ಬಾಳಬಲ್ಲವನಾದನು. ಇದನ್ನು ನಾನು ಆ ಬಂಡಿಯ ವೇಗಕ್ಕಿಂತಲೂ ದೊಡ್ಡ ಗುಣವೆಂದು ಎಣಿಸುತ್ತೇನೆ.

1980ರ ಅಕ್ಟೋಬರಿನಲ್ಲಿ ಅಬಿಂಗ್ಡನ್ ಕಾರ್ಖಾನೆ ಮುಚ್ಚಿತು. ಹಳೆಯ ಬಂಡಿಗಳ ಒಡೆಯರು ಮಾತ್ರ ಬಿಡಿಭಾಗಗಳನ್ನು ಕೇಳುವುದನ್ನು ನಿಲ್ಲಿಸಲಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಮೂಲ ಅಚ್ಚುಗಳಿಂದಲೇ ಎಂ.ಜಿ.ಬಿ.ಯ ಹೊಸ ಮೈಗಳನ್ನು ನಿರ್ಮಿಸತೊಡಗಲು, ತುಕ್ಕಿಗೆ ಸೋತ ಬಂಡಿಗಳ ಎಂಜಿನ್ನು, ಆಸನ, ಚಕ್ರಗಳು ಆ ಮೈಗಳಲ್ಲಿ ಆಶ್ರಯ ಪಡೆದುವು. ಅದೇ ಮೈಯನ್ನು ಆಧಾರವಾಗಿರಿಸಿಕೊಂಡು ರೋವರ್ ಸಂಸ್ಥೆಯು 1992ರಲ್ಲಿ ಎಂಟು ಸಿಲಿಂಡರುಗಳ ಆರ್.ವಿ.8 ಎಂಬ ಬಂಡಿಯನ್ನು ಹೊರತಂದಿತು. ನಿರ್ಮಿತವಾದ ಸುಮಾರು ಎರಡು ಸಾವಿರದಲ್ಲಿ ಬಹುಭಾಗವು ಜಪಾನಿನಲ್ಲಿ ಮಾರಾಟವಾಯಿತು.