ಭಾವನೆ, ನಗು ಮತ್ತು ದೇಹಾರೋಗ್ಯ

ಭಯವಾದಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಸಿಟ್ಟು ಬಂದಾಗ ಮುಖ ಕೆಂಪೇರುತ್ತದೆ. ದುಃಖದಲ್ಲಿ ಊಟ ಸೇರುವುದಿಲ್ಲ. ಭಾವನೆಗಳಿಗೆ ದೇಹ ತೋರುವ ಇಂಥ ಪ್ರತಿಕ್ರಿಯೆಗಳು ಸಾಮಾನ್ಯವಾಗಿ ಬೇಗನೆ ಇಳಿಯುತ್ತವೆ. ಆವೇಗ ಅತಿಯಾದಾಗ, ಇಲ್ಲವೆ ತಿಂಗಳುಗಟ್ಟಲೆ ಮುಂದುವರಿದಾಗ ಅವೇ ರೋಗಕ್ಕೆ ದಾರಿಯಾಗಬಲ್ಲವು. ಹಠಾತ್ ಆವೇಗಕ್ಕೂ ಹೃದಯಕ್ಕೂ ಇರುವ ಸಂಬಂಧದ ಬಗ್ಗೆ ಇಂದು ಗಟ್ಟಿಯಾದ ಪುರಾವೆಗಳಿವೆ. ನಗು ರೋಗಗಳನ್ನು ಗುಣಪಡಿಸುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಅಷ್ಟು ಆಧಾರ ಸಿಕ್ಕಿಲ್ಲ.

ಇತಿಹಾಸ

ಚರಕಸಂಹಿತೆ ಅತಿಸಾರದ ಆರು ಬಗೆಗಳಲ್ಲಿ ಎರಡನ್ನು ಭಯ ಮತ್ತು ಶೋಕದಿಂದ ಹುಟ್ಟುವವೆಂದು ಎಣಿಸುತ್ತದೆ. ಪಾಶ್ಚಾತ್ಯ ವೈದ್ಯಕೀಯದಲ್ಲಿ ನೇರ ವೀಕ್ಷಣೆಗೆ ಅವಕಾಶ ಒದಗಿದ್ದು ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟನಿಗೆ. ಗುಂಡೇಟಿನ ಗಾಯ ಪೂರ್ತಿ ಮುಚ್ಚಿಕೊಳ್ಳದೆ ಉಳಿದ ರಂಧ್ರದ ಮೂಲಕ ರೋಗಿಯೊಬ್ಬನ ಜಠರವನ್ನು ಆತ ವರ್ಷಗಟ್ಟಲೆ ನೋಡಿದ. ಸಿಟ್ಟು ಬಂದಾಗ ಜಠರದ ಒಳಪೊರೆಯೂ ಜೀರ್ಣರಸವೂ ಬದಲಾಗುವುದನ್ನು 1833ರ ಗ್ರಂಥದಲ್ಲಿ ದಾಖಲಿಸಿದ. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಬೆಕ್ಕುಗಳ ಜಠರವನ್ನು ಎಕ್ಸ್-ರೇಯಲ್ಲಿ ಪರೀಕ್ಷಿಸುತ್ತಿದ್ದಾಗ, ಅವು ಕೆರಳಿದ ಕೂಡಲೇ ಜಠರದ ಚಲನೆ ನಿಂತುಹೋಗುವುದನ್ನು ಕಂಡ. ಹೋರಾಟಕ್ಕೊ ಪಲಾಯನಕ್ಕೊ ದೇಹ ಸಜ್ಜಾಗುವ ಬಗೆಯನ್ನು ಆತ 1915ರಲ್ಲಿ ವಿವರಿಸಿದ್ದರ ಬೀಜ ಇಲ್ಲಿದೆ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಬಗೆಬಗೆಯ ಆಘಾತಗಳಿಗೆ ಒಡ್ಡಿದ ಇಲಿಗಳಲ್ಲಿ ಅಡ್ರಿನಲ್ ಗ್ರಂಥಿ ದೊಡ್ಡದಾಗುವುದನ್ನೂ ಜಠರದಲ್ಲಿ ಹುಣ್ಣಾಗುವುದನ್ನೂ ತೋರಿಸಿದ.

ಈ ಕ್ಷೇತ್ರದ ಉತ್ಸಾಹಕ್ಕೆ ಕಡಿವಾಣ ಬಿದ್ದ ಪ್ರಸಂಗವೂ ಉಂಟು. ದಶಕಗಳ ಕಾಲ ಜಠರದ ಹುಣ್ಣನ್ನು ಚಿಂತೆಯ ಕಾಯಿಲೆಯೆಂದೇ ಪಾಠ ಹೇಳಲಾಗುತ್ತಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದರ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ದೇಹದೊಳಗಿನ ಮಾರ್ಗಗಳು

ಭಾವನೆ ದೇಹವನ್ನು ಮುಟ್ಟುವ ಮುಖ್ಯ ಮಾರ್ಗಗಳು ಎರಡು. ಸಿಂಪಥೆಟಿಕ್ ನರಮಂಡಲ ಕ್ಷಣಾರ್ಧದಲ್ಲಿ ಕೆಲಸಕ್ಕಿಳಿದು ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳನ್ನು ಬಿಡುಗಡೆ ಮಾಡುತ್ತದೆ. ಹೈಪೊಥಲಾಮಸ್, ಪಿಟ್ಯೂಟರಿ, ಅಡ್ರಿನಲ್ ಗ್ರಂಥಿಗಳ ಸರಪಳಿ ನಿಧಾನವಾಗಿ ಕಾರ್ಟಿಸಾಲನ್ನು ಹೆಚ್ಚಿಸುತ್ತದೆ. ಕಾರ್ಟಿಸಾಲ್ ಬಹುಕಾಲ ಏರಿಯೇ ಇದ್ದರೆ ರಕ್ತದ ಸಕ್ಕರೆ, ರಕ್ತದೊತ್ತಡ ಮತ್ತು ರೋಗನಿರೋಧಕ ಕೋಶಗಳ ವರ್ತನೆ ವ್ಯತ್ಯಾಸವಾಗುತ್ತವೆ.

ಹೃದಯದ ಮೇಲಿನ ಪರಿಣಾಮ

1994ರ ಜನವರಿ 17ರ ನಸುಕಿನಲ್ಲಿ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಡ್ಜ್‌ನಲ್ಲಿ ಭೂಕಂಪವಾಯಿತು. ಹಿಂದಿನ ವಾರ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಹೃದಯದ ತೊಂದರೆಯಿಂದ ದಿನಕ್ಕೆ ಸರಾಸರಿ 4.6 ಹಠಾತ್ ಸಾವುಗಳು ಸಂಭವಿಸಿದ್ದರೆ, ಭೂಕಂಪದ ದಿನ 24 ಸಂಭವಿಸಿದವು. ಸತ್ತವರಲ್ಲಿ ಹೆಚ್ಚಿನವರು ಆಗ ಮೈಬಗ್ಗಿಸಿ ದುಡಿಯುತ್ತಿದ್ದವರೂ ಅಲ್ಲ. ಮುಂದಿನ ಆರು ದಿನ ಇಂಥ ಸಾವುಗಳು ಎಂದಿಗಿಂತ ಕಡಿಮೆಯಾದವು. ಮೊದಲೇ ಹೃದ್ರೋಗವಿದ್ದು ಅಪಾಯದ ಅಂಚಿನಲ್ಲಿದ್ದವರನ್ನೇ ಭಯ ಬೇಗ ಕೊಂಡೊಯ್ದಿತೆಂದು ಇದನ್ನು ವ್ಯಾಖ್ಯಾನಿಸುತ್ತಾರೆ. 2006ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಪ್ರದೇಶದಲ್ಲಿ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟಾದವು. ಆವೇಗದಲ್ಲಿ ರಕ್ತದೊತ್ತಡ ಜಿಗಿಯುವುದು, ಧಮನಿಯೊಳಗಿನ ಕೊಬ್ಬಿನ ಪದರ ಬಿರಿಯುವುದು, ಬಡಿತದ ಲಯ ತಪ್ಪುವುದು ಇವಕ್ಕೆ ಕಾರಣವಿರಬೇಕು.

ಧಮನಿಗಳಲ್ಲಿ ಯಾವ ಅಡಚಣೆಯೂ ಇಲ್ಲದೆ, ಆವೇಗದಿಂದಲೇ ಹೃದಯದ ಸ್ನಾಯು ಸೋಲುವ ಸ್ಥಿತಿಯೂ ಒಂದಿದೆ. ಅದನ್ನು ಜಪಾನಿನ ಹಿರೋಶಿಮಾದ ಹಿಕಾರು ಸಾಟೊ ಮತ್ತು ಸಹೋದ್ಯೋಗಿಗಳು 1990ರಲ್ಲಿ ವರ್ಣಿಸಿ ಟಕೊಟ್ಸುಬೊ ಎಂದು ಕರೆದರು. ಟಕೊಟ್ಸುಬೊ ಎಂದರೆ ಆಕ್ಟೋಪಸ್ ಹಿಡಿಯಲು ಅಲ್ಲಿನ ಮೀನುಗಾರರು ಬಳಸುವ, ಕತ್ತು ಕಿರಿದಾಗಿ ತಳ ಉಬ್ಬಿರುವ ಮಡಕೆ. ಎಡ ಹೃತ್ಕುಕ್ಷಿಯ ತುದಿ ಕುಗ್ಗದೆ ನಿಂತು, ಬುಡದ ಭಾಗ ಮಾತ್ರ ಬಿರುಸಾಗಿ ಕುಗ್ಗಿದಾಗ ಹೃದಯ ಆ ಆಕಾರ ತಾಳುತ್ತದೆ. ರೋಗಿಗೆ ಎದೆನೋವು, ಉಸಿರಾಟದ ಕಷ್ಟ. ಇಸಿಜಿಯಲ್ಲಿ ಹೃದಯಾಘಾತದಂಥದೇ ಬದಲಾವಣೆ. ರಕ್ತದಲ್ಲಿ ಟ್ರೋಪೋನಿನ್ ಏರಿಕೆ. ಆಂಜಿಯೋಗ್ರಾಂ ಮಾಡಿದ ಮೇಲಷ್ಟೇ ಧಮನಿಗಳು ತೆರೆದಿರುವುದು ಗೊತ್ತಾಗುತ್ತದೆ. ಹೃದಯಾಘಾತದ ಶಂಕೆಯಿಂದ ಆಸ್ಪತ್ರೆಗೆ ಬರುವವರಲ್ಲಿ ಸುಮಾರು 1ರಿಂದ 2 ಶೇಕಡ ಮಂದಿಗೆ ಇರುವುದು ಇದೇ ಕಾಯಿಲೆ.

2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಇಲಾನ್ ವಿಟ್‌ಸ್ಟೈನ್ ತಂಡ ಇಂಥ 19 ರೋಗಿಗಳನ್ನು ಪರೀಕ್ಷಿಸಿತು. ಅವರಲ್ಲಿ 18 ಮಂದಿ ಮಹಿಳೆಯರು. ಅವರ ರಕ್ತದಲ್ಲಿ ಅಡ್ರಿನಲಿನ್ ಗುಂಪಿನ ಹಾರ್ಮೋನುಗಳು ತೀವ್ರ ಹೃದಯಾಘಾತದ ರೋಗಿಗಳಲ್ಲಿರುವುದರ ಎರಡು–ಮೂರು ಪಟ್ಟು ಇದ್ದವು. ಈ ಹಾರ್ಮೋನುಗಳು ಎಡ ಹೃತ್ಕುಕ್ಷಿಯ ತುದಿಯನ್ನೇ ಏಕೆ ಕೆಡಿಸುತ್ತವೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಇಲಿಗಳ ಮೇಲಿನ ಪ್ರಯೋಗಗಳ ಪ್ರಕಾರ ತುದಿಯಲ್ಲಿ ಬೀಟಾ-2 ಗ್ರಾಹಕಗಳು ದಟ್ಟವಾಗಿದ್ದು, ಅಡ್ರಿನಲಿನ್ ಮಿತಿಮೀರಿದಾಗ ಅವು ಸ್ನಾಯುವನ್ನು ಹುರಿದುಂಬಿಸುವ ಬದಲು ತಡೆಯತೊಡಗುತ್ತವೆ. ಇದು ಒಂದು ರೀತಿಯ ರಕ್ಷಣೆಯೇ ಇರಬಹುದು. ಸೂಕ್ಷ್ಮ ರಕ್ತನಾಳಗಳ ಸೆಳೆತವನ್ನು ಕಾರಣವೆಂದು ಹೇಳುವವರೂ ಇದ್ದಾರೆ. ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಮಹಿಳೆಯರಾದ್ದರಿಂದ ಈಸ್ಟ್ರೋಜನ್ ಇಳಿಕೆಯ ಪಾತ್ರವಿದೆಯೆಂಬ ಊಹೆ ಸಹಜವಾಗಿಯೇ ಬಂದಿದೆ.

ಈ ಕಾಯಿಲೆಯನ್ನು ದುಃಖದ ಫಲವೆಂದೇ ಭಾವಿಸುವುದು ಸರಿಯಲ್ಲ. ಜ್ಯೂರಿಕ್ ಕೇಂದ್ರಿತ ಅಂತರರಾಷ್ಟ್ರೀಯ ದಾಖಲೆ 2015ರಲ್ಲಿ ಪ್ರಕಟಿಸಿದ 1,750 ರೋಗಿಗಳ ವಿವರದಲ್ಲಿ 27.7 ಶೇಕಡ ಮಂದಿಗೆ ಭಾವನಾತ್ಮಕ ಪ್ರಚೋದನೆ ಇತ್ತು, ಶಸ್ತ್ರಚಿಕಿತ್ಸೆ, ಸೋಂಕಿನಂಥ ದೈಹಿಕ ಪ್ರಚೋದನೆ 36 ಶೇಕಡ ಮಂದಿಗಿತ್ತು, 28.5 ಶೇಕಡ ಮಂದಿಗೆ ಯಾವ ಪ್ರಚೋದನೆಯೂ ಕಾಣಲಿಲ್ಲ. ಮರುವರ್ಷ ಅದೇ ತಂಡ, ಭಾವನೆಯೇ ಕಾರಣವೆಂದು ಖಚಿತವಾದ 485 ಮಂದಿಯಲ್ಲಿ 20 ಜನರಿಗೆ ರೋಗ ತಗುಲಿದ್ದು ಸಂತೋಷದ ಸಂದರ್ಭದಲ್ಲಿ ಎಂದು ವರದಿ ಮಾಡಿತು: ಮದುವೆ, ಮೊಮ್ಮಗುವಿನ ಜನನ, ನೆಚ್ಚಿನ ತಂಡದ ಗೆಲುವು. ಭಾವನೆ ಸುಖದ್ದೋ ದುಃಖದ್ದೋ ಎಂಬುದಕ್ಕಿಂತ ಅದರ ರಭಸವೇ ಹೃದಯಕ್ಕೆ ಮುಖ್ಯವೆಂದು ಇದರಿಂದ ತೋರುತ್ತದೆ. ಬಹುತೇಕರಲ್ಲಿ ಹೃದಯ ಕೆಲ ವಾರಗಳಲ್ಲಿ ಮೊದಲಿನಂತಾಗುತ್ತದೆ. ಆದರೂ ಆಸ್ಪತ್ರೆಯಲ್ಲೇ ಸಾಯುವವರು ಸುಮಾರು 4 ಶೇಕಡ ಇರುವುದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ.

ರೋಗನಿರೋಧಕ ಶಕ್ತಿ

1991ರಲ್ಲಿ ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹಾಕಿ ಗಮನಿಸಿದಾಗ, ಮಾನಸಿಕ ಒತ್ತಡ ಹೆಚ್ಚಿದಂತೆ ನೆಗಡಿ ಹಿಡಿದವರ ಪ್ರಮಾಣ 27ರಿಂದ 47 ಶೇಕಡಕ್ಕೆ ಏರಿತು. ಮರೆಗುಳಿತನದ ಬಂಧುವನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯರ ತೋಳಿನ ಸಣ್ಣ ಗಾಯ ಮಾಯಲು ಉಳಿದವರಿಗಿಂತ ಸುಮಾರು ಒಂಬತ್ತು ದಿನ ಹೆಚ್ಚು ಬೇಕಾಯಿತೆಂದು 1995ರ ಅಧ್ಯಯನ ಹೇಳುತ್ತದೆ. ಅದರಲ್ಲಿದ್ದವರು ಒಟ್ಟು 26 ಮಂದಿ ಮಾತ್ರ.

ನಗು

ನಗುವಾಗ ವಪೆ, ಪಕ್ಕೆಲುಬುಗಳ ನಡುವಿನ ಸ್ನಾಯು ಮತ್ತು ಹೊಟ್ಟೆಯ ಸ್ನಾಯುಗಳು ಉಸಿರನ್ನು ತುಂಡುತುಂಡಾಗಿ ಹೊರದೂಡುತ್ತವೆ. ಹೃದಯಬಡಿತವೂ ರಕ್ತದೊತ್ತಡವೂ ಸ್ವಲ್ಪ ಹೊತ್ತು ಏರಿ ಬಳಿಕ ಇಳಿಯುತ್ತವೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡದ ಪ್ರಯೋಗಗಳಲ್ಲಿ ಜೊತೆಗೂಡಿ ನಕ್ಕವರ ನೋವು ತಾಳುವ ಶಕ್ತಿ ಹೆಚ್ಚಿತು. 2017ರಲ್ಲಿ ಫಿನ್ಲೆಂಡಿನ ಸಂಶೋಧಕರು, ಗೆಳೆಯರೊಡನೆ ನಕ್ಕಾಗ ಮಿದುಳಿನಲ್ಲಿ ನೋವುಶಾಮಕ ಓಪಿಯಾಯ್ಡ್‌ಗಳು ಬಿಡುಗಡೆಯಾಗುವುದನ್ನು ಸ್ಕ್ಯಾನ್‌ಗಳಿಂದ ಕಂಡರು.

ನಗುವಿಗೆ ಔಷಧದ ಹೆಸರು ಬಂದದ್ದು ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ ಅವರಿಂದ. 1964ರಲ್ಲಿ ಬೆನ್ನುಮೂಳೆಯ ಉರಿಯೂತದಿಂದ ನರಳುತ್ತಿದ್ದ ಅವರು, ಹತ್ತು ನಿಮಿಷದ ಹೊಟ್ಟೆತುಂಬ ನಗು ಎರಡು ಗಂಟೆ ನೋವಿಲ್ಲದ ನಿದ್ದೆ ಕೊಟ್ಟಿತೆಂದು ಮುಂದೆ ಬರೆದರು. ಅದೇ ಕಾಲದಲ್ಲಿ ಅವರು ವಿಟಮಿನ್ ಸಿಯನ್ನೂ ಭಾರೀ ಪ್ರಮಾಣದಲ್ಲಿ ತೆಗೆದುಕೊಂಡಿದ್ದರು. ಒಬ್ಬರ ಅನುಭವದಿಂದ ಯಾವುದು ಯಾವುದರ ಫಲವೆಂದು ತೀರ್ಮಾನಿಸಲಾಗದು. 1995ರಲ್ಲಿ ವೈದ್ಯ ಮದನ್ ಕಟಾರಿಯಾ ಮುಂಬಯಿಯ ಉದ್ಯಾನವೊಂದರಲ್ಲಿ ಆರಂಭಿಸಿದ ನಗೆಕೂಟ ಹಲವು ದೇಶಗಳಿಗೆ ಹಬ್ಬಿತು. ಬೆಂಗಳೂರು, ಮೈಸೂರಿನ ಉದ್ಯಾನಗಳಲ್ಲೂ ಬೆಳಗಿನ ಹೊತ್ತು ಇಂಥ ಕೂಟಗಳು ಸೇರುತ್ತವೆ. ಅಲ್ಲಿ ನಗುವಿನ ಜೊತೆಗೆ ನಡಿಗೆ, ದೀರ್ಘ ಉಸಿರಾಟ ಮತ್ತು ಸ್ನೇಹಿತರ ಒಡನಾಟವೂ ಸಿಗುವುದರಿಂದ ನಗುವಿನ ಪಾಲನ್ನು ಬೇರ್ಪಡಿಸಿ ಅಳೆಯುವುದು ಕಷ್ಟ. 2001ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಅದುವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ, ಪುರಾವೆಗಳು ದುರ್ಬಲವಾಗಿಯೂ ಪರಸ್ಪರ ಹೊಂದದೆಯೂ ಇವೆ ಎಂಬ ನಿರ್ಣಯಕ್ಕೆ ಬಂದರು.

ನಗುವಿನಿಂದ ತೊಂದರೆಯೂ ಆಗುವುದುಂಟು. ಆಸ್ತಮಾ ಇದ್ದವರಿಗೆ ಜೋರಾದ ನಗು ಉಬ್ಬಸ ತರಬಲ್ಲದು. ಕೆಲವರಿಗೆ ಮೂತ್ರ ಸೋರುತ್ತದೆ. ಅಪರೂಪಕ್ಕೆ ಎಚ್ಚರ ತಪ್ಪುತ್ತದೆ. ನಾರ್ಕೊಲೆಪ್ಸಿ ಎಂಬ ನಿದ್ರಾರೋಗದ ಕೆಲವು ರೋಗಿಗಳಿಗೆ ನಕ್ಕಾಗ ಸ್ನಾಯುಗಳು ಇದ್ದಕ್ಕಿದ್ದಂತೆ ಸಡಿಲವಾಗಿ ಮಂಡಿ ಕುಸಿಯುತ್ತದೆ. ನಗುವೇ ರೋಗಲಕ್ಷಣವಾಗಿರುವ ಒಂದು ಬಗೆಯ ಅಪಸ್ಮಾರವೂ ಇದೆ. ಇದರಲ್ಲಿ, ಸಾಮಾನ್ಯವಾಗಿ ಬಾಲ್ಯದಿಂದಲೇ, ಯಾವ ಸಂತೋಷವೂ ಇಲ್ಲದೆ ನಗು ಉಕ್ಕುತ್ತದೆ. ಹೈಪೊಥಲಾಮಸ್‌ನ ಗಡ್ಡೆ ಇದಕ್ಕೆ ಪ್ರಸಿದ್ಧ ಕಾರಣ; ಔಷಧಿಗಳಿಗೆ ಸಾಮಾನ್ಯವಾಗಿ ಬಗ್ಗದ ಕಾರಣ ಶಸ್ತ್ರಚಿಕಿತ್ಸೆ ಅಥವಾ ಲೇಸರ್ ಚಿಕಿತ್ಸೆಯ ಮೊರೆಹೋಗುತ್ತಾರೆ.