ಉಳಿದ ವಸ್ತು, ಅಳಿದ ವ್ಯಕ್ತಿ: ಜಪಾನಿನ ಸ್ಥಿರವಸ್ತು ಛಾಯಾಚಿತ್ರಗಳಲ್ಲಿ ಶೋಕ

ಹೂವು, ಹಣ್ಣು, ಪಾತ್ರೆಗಳಂತಹ ನಿಶ್ಚಲ ವಸ್ತುಗಳನ್ನೇ ವಿಷಯವಾಗಿಸಿಕೊಂಡ ಸ್ಥಿರವಸ್ತು ಚಿತ್ರವು ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಸ್ವತಂತ್ರ ಪ್ರಕಾರವಾಗಿ ನೆಲೆಗೊಂಡಿತು. ತಲೆಬುರುಡೆ, ನಂದಿದ ದೀಪ, ಗಡಿಯಾರಗಳ ಮೂಲಕ ಬದುಕಿನ ನಶ್ವರತೆಯನ್ನು ಸೂಚಿಸುವುದು ಡಚ್ ಕಲಾವಿದರಿಗೆ ಪ್ರಿಯವಾಗಿತ್ತು. ಅಲ್ಲಿ ಗಡಿಯಾರವು ಕೇವಲ ಸಂಕೇತ. ಅದು ಯಾರದೆಂಬ ಪ್ರಶ್ನೆ ಏಳುವುದಿಲ್ಲ. ಅಣುಬಾಂಬಿನ ಅನಂತರದ ಜಪಾನಿನಲ್ಲಿ ಈ ಪ್ರಶ್ನೆಯೇ ಮುಖ್ಯವಾಯಿತು. ಅಲ್ಲಿನ ಮೂವರು ಛಾಯಾಗ್ರಾಹಕರ ಕೃತಿಗಳ ಮೂಲಕ ವಸ್ತುವು ಸಾಕ್ಷ್ಯದಿಂದ ಸಾನ್ನಿಧ್ಯದ ಕಡೆಗೆ ಸಾಗಿದ ಬಗೆಯನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ನಾಗಾಸಾಕಿಯ ಮೇಲೆ ಬಾಂಬು ಸಿಡಿದದ್ದು 1945ರ ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ. ಸ್ಫೋಟಕೇಂದ್ರದಿಂದ ಸುಮಾರು 700 ಮೀಟರ್ ದೂರದಲ್ಲಿ ಮಣ್ಣಿನಿಂದ ತೆಗೆಯಲಾದ, ಆ ಕ್ಷಣದಲ್ಲೇ ನಿಂತುಹೋದ ಕೈಗಡಿಯಾರವೊಂದನ್ನು ಶೋಮೇಯಿ ತೋಮತ್ಸು 1961ರಲ್ಲಿ ಚಿತ್ರಿಸಿದರು. ಬೆಂಕಿಗೆ ಕರಗಿ ವಿರೂಪಗೊಂಡ ಸೀಸೆಯ ಅವರ ಚಿತ್ರ ಇನ್ನೂ ತೀಕ್ಷ್ಣವಾದುದು. ನೋಡುವವನಿಗೆ ಮೊದಲು ಕಾಣುವುದು ಚರ್ಮ ಸುಲಿದ ಪ್ರಾಣಿದೇಹ. ಅದು ಗಾಜೆಂದು ತಿಳಿಯುವಷ್ಟರಲ್ಲಿ ಮನುಷ್ಯದೇಹಕ್ಕೆ ಏನಾಗಿರಬಹುದೆಂಬ ಅರಿವು ಮೂಡಿರುತ್ತದೆ.

ಹಿರೋಮಿ ತ್ಸುಚಿದಾ ಅವರು ಹಿರೋಷಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ವಸ್ತುಗಳನ್ನು ಕಪ್ಪು-ಬಿಳುಪಿನಲ್ಲಿ, ಯಾವ ಅಲಂಕಾರವೂ ಇಲ್ಲದೆ ದಾಖಲಿಸಿದರು. ಶಾಲಾಬಾಲಕಿಯೊಬ್ಬಳು ಉಣ್ಣದೆ ಉಳಿಸಿದ, ಸುಟ್ಟು ಕರಿಯಾದ ಬುತ್ತಿಯ ಡಬ್ಬಿ ಅವುಗಳಲ್ಲೊಂದು. ಆ ವಸ್ತು ಯಾರದು, ಅವರಿಗೆ ಏನಾಯಿತು ಎಂಬ ಕೆಲವೇ ಸಾಲುಗಳು ಚಿತ್ರದ ಜೊತೆಗಿರುತ್ತವೆ. ಚಿತ್ರ ಸಂಯಮದಿಂದ ಸುಮ್ಮನಿರುವುದರಿಂದಲೇ ಆ ಸಾಲುಗಳು ಭಾರವಾಗುತ್ತವೆ.

ಮಿಯಾಕೊ ಇಶಿಯುಚಿ ಈ ವಿಷಯಕ್ಕೆ ಬಂದದ್ದು ಸ್ವಂತ ಶೋಕದ ದಾರಿಯಿಂದ. 2000ದಲ್ಲಿ ತೀರಿಕೊಂಡ ತಾಯಿಯೊಡನೆ ಅವರ ಸಂಬಂಧ ಸುಗಮವಾಗಿರಲಿಲ್ಲ. ತಾಯಿ ಬಿಟ್ಟುಹೋದ ತುಟಿಬಣ್ಣ, ಒಳಉಡುಪು, ಕಟ್ಟಿಸಿಕೊಂಡ ಹಲ್ಲುಗಳನ್ನು ಅವರು ಒಂದೊಂದಾಗಿ ಚಿತ್ರಿಸಿದರು. ಬದುಕಿದ್ದಾಗ ನಡೆಯದ ಮಾತುಕತೆ ವಸ್ತುಗಳೊಡನೆ ನಡೆಯಿತು ಎನ್ನಬಹುದು. ಈ ಮಾಲಿಕೆ 2005ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶಿತವಾಯಿತು. 2007ರಲ್ಲಿ ಹಿರೋಷಿಮಾದ ಸಂಗ್ರಹವನ್ನು ಚಿತ್ರಿಸತೊಡಗಿದಾಗ ಅವರು ಹೆಚ್ಚಾಗಿ ಆರಿಸಿಕೊಂಡದ್ದು ಹೆಂಗಸರ ಮೈಗೆ ತಾಗಿದ್ದ ಉಡುಪುಗಳನ್ನು. ವರ್ಣಚಿತ್ರಗಳಲ್ಲಿ ಬೆಳಕು ಬಟ್ಟೆಯನ್ನು ಹಾದುಬರುತ್ತದೆ. ಸುಟ್ಟ ರಂಧ್ರದ ಜೊತೆಗೆ ಹೂವಿನ ಅಚ್ಚು, ಗುಂಡಿ, ಕೈಹೊಲಿಗೆಗಳೂ ಕಾಣುತ್ತವೆ. ಮಾಲಿಕೆಯ ಹೆಸರನ್ನು ಅವರು ಚರಿತ್ರೆಯಲ್ಲಿ ಸ್ತ್ರೀಯರ ಬರವಣಿಗೆಯೊಡನೆ ಗುರುತಿಸಲಾದ ಹಿರಗನ ಲಿಪಿಯಲ್ಲಿ ಬರೆದದ್ದು ಗಮನಾರ್ಹ.

ನಮ್ಮ ಕಾವ್ಯಮೀಮಾಂಸೆಯ ಪ್ರಕಾರ ಶೋಕವು ಕರುಣರಸದ ಸ್ಥಾಯಿಭಾವ. ಅಗಲಿದ ವ್ಯಕ್ತಿ ಆಲಂಬನ, ಅವರ ವಸ್ತುಗಳು ಉದ್ದೀಪನ. ತ್ಸುಚಿದಾ ಅವರಲ್ಲಿ ಬರಹವು ಆಲಂಬನವನ್ನು ಒದಗಿಸುತ್ತದೆ. ಇಶಿಯುಚಿ ಅವರಲ್ಲಿ ಅಂತಹ ವಿವರಣೆಯಿಲ್ಲ. ಉಡುಪೇ ವ್ಯಕ್ತಿಯ ಸ್ಥಾನದಲ್ಲಿ ನಿಲ್ಲುತ್ತದೆ. ಇಂತಹ ಚೆಲುವು ದುರಂತದ ಕ್ರೌರ್ಯವನ್ನು ಮರೆಸುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಟ್ಟೆಯನ್ನು ಬಯಸಿ ಆರಿಸಿ ತೊಟ್ಟವಳೊಬ್ಬಳಿದ್ದಳೆಂದು ಅರಿಯದೆ ಆದ ನಷ್ಟವನ್ನು ಅಳೆಯುವುದು ಹೇಗೆ? ಸಾವನ್ನು ಸಾಕ್ಷ್ಯ ಹೇಳುತ್ತದೆ, ಸತ್ತವರ ಬದುಕನ್ನು ಚೆಲುವು ಹೇಳುತ್ತದೆ. ಶೋಕಕ್ಕೆ ಎರಡೂ ಬೇಕು.

2025ರ ಮಾರ್ಚ್ ಅಂತ್ಯಕ್ಕೆ ಜಪಾನಿನಲ್ಲಿ ಅಧಿಕೃತವಾಗಿ ಗುರುತಿಸಲಾದ ಅಣುಬಾಂಬ್ ಸಂತ್ರಸ್ತರ ಸಂಖ್ಯೆ ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. ಅವರ ಸರಾಸರಿ ವಯಸ್ಸು 86 ದಾಟಿತ್ತು. ಕಂಡವರು ಮರೆಯಾಗುತ್ತಿರುವಾಗ, ದಶಕಗಳ ಕಾಲ ಮನೆಯಲ್ಲಿ ಕಾಪಿಟ್ಟ ಉಡುಪುಗಳನ್ನು ಕುಟುಂಬಗಳು ಸಂಗ್ರಹಾಲಯಕ್ಕೆ ಒಪ್ಪಿಸಿವೆ. ಹಾಗೆ ಒಪ್ಪಿಸುವುದೂ ಒಂದು ಅಗಲಿಕೆಯೇ. ಆ ಅಗಲಿಕೆಯ ಅನಂತರವೂ ವಸ್ತುವನ್ನು ಕೇವಲ ಪ್ರದರ್ಶನದ ಸಾಮಗ್ರಿಯಾಗಲು ಬಿಡದಿರುವುದು ಈ ಛಾಯಾಚಿತ್ರಗಳ ಚಾರಿತ್ರಿಕ ಮಹತ್ವ.