ಮನೆಯಲ್ಲಿಯೇ ವ್ಯಾಯಾಮ ಹಾಗೂ ಕ್ಯಾಲೊರಿ ಮಿತಿಯಿಂದ ತೂಕ ಇಳಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷ ವಯೋಮಾನದ ಮಹಿಳೆಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಮಧುಮೇಹ, ಅಧಿಕ ರಕ್ತದೊತ್ತಡ, ಹೃದ್ರೋಗ ಹಾಗೂ ಮಂಡಿನೋವಿಗೆ ಇದು ದಾರಿಯಾಗುತ್ತದೆ. ತೂಕ ಇಳಿಸಲು ವ್ಯಾಯಾಮಶಾಲೆಯ ಶುಲ್ಕವಾಗಲಿ, ಜಾಹೀರಾತಿನಲ್ಲಿ ಬರುವ ಪುಡಿ, ಕಷಾಯಗಳಾಗಲಿ ಅವಶ್ಯವಿರುವುದಿಲ್ಲ. ಆದರೆ ವ್ಯಾಯಾಮ ಮತ್ತು ಆಹಾರದ ಮಿತಿ ಎರಡೂ ಒಟ್ಟಿಗೆ ಇರತಕ್ಕದ್ದು.

ತೂಕ ಹೆಚ್ಚಿದೆಯೇ ಎಂದು ತಿಳಿಯುವ ವಿಧಾನ

ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬಿ.ಎಂ.ಐ. ದೊರೆಯುತ್ತದೆ. ಉದಾಹರಣೆಗೆ, 160 ಸೆಂ.ಮೀ. ಎತ್ತರ, 68 ಕೆ.ಜಿ. ತೂಕವಿರುವವರ ಬಿ.ಎಂ.ಐ. ಸುಮಾರು 26.6. ಭಾರತೀಯರಿಗೆ 23 ಮತ್ತು ಮೇಲ್ಪಟ್ಟು ಅಧಿಕ ತೂಕವೆಂದೂ, 25 ಮತ್ತು ಮೇಲ್ಪಟ್ಟು ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು.

ಕ್ಯಾಲೊರಿಯ ಲೆಕ್ಕ

ಮೇಲಿನ ಉದಾಹರಣೆಯ ವ್ಯಕ್ತಿಯು ಅರ್ಧ ಗಂಟೆ ಬಿರುಸಾಗಿ ನಡೆದಲ್ಲಿ ವ್ಯಯವಾಗುವುದು ಸುಮಾರು 130 ಕ್ಯಾಲೊರಿ. ಇದರಲ್ಲಿ ಸುಮಾರು ಕಾಲುಭಾಗ ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿತ್ತು. ಅಡುಗೆ ಎಣ್ಣೆಯ ಒಂದು ದೊಡ್ಡ ಚಮಚದಲ್ಲಿ, ಅಂದರೆ 15 ಮಿ.ಲೀ.ನಲ್ಲಿ, ಸುಮಾರು 120 ಕ್ಯಾಲೊರಿ ಇರುತ್ತದೆ. ಅರ್ಧ ಗಂಟೆ ಬೆವರು ಸುರಿಸಿದ ಸಮಾಧಾನದಲ್ಲಿ ಎರಡು ಬೋಂಡ ತಿಂದರೆ ಲೆಕ್ಕ ಮೊದಲಿನಲ್ಲಿಗೇ ಬರುತ್ತದೆ. ವ್ಯಾಯಾಮ ಮಾಡಿಯೂ ತೂಕ ಇಳಿಯಲಿಲ್ಲವೆಂಬ ದೂರಿಗೆ ಬಹುಪಾಲು ಇದೇ ಕಾರಣ. ಇದಕ್ಕೆ ವ್ಯತಿರಿಕ್ತವಾಗಿ, ವ್ಯಾಯಾಮವಿಲ್ಲದೆ ಉಪವಾಸ ಮಾತ್ರ ಮಾಡಿದಲ್ಲಿ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಇಳಿದ ತೂಕ ಮರಳಿ ಬರುವುದೂ ಸಾಮಾನ್ಯ.

ದಿನಕ್ಕೆ ಸುಮಾರು 500 ಕ್ಯಾಲೊರಿ ಕೊರತೆಯಾದಲ್ಲಿ ಆರಂಭದ ವಾರಗಳಲ್ಲಿ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆ.ಜಿ. ಇಳಿಯುತ್ತದೆ. ಇದರಲ್ಲಿ 150ರಷ್ಟನ್ನು ವ್ಯಾಯಾಮದಿಂದ, 350ನ್ನು ಆಹಾರದಿಂದ ಪಡೆಯಬಹುದು. 350 ಎಂಬುದು ದೊಡ್ಡ ತ್ಯಾಗವೇನಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ ಅಥವಾ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕುವವರು ಅದನ್ನು ಬಿಟ್ಟರೆ 160, ಎಣ್ಣೆಯಲ್ಲಿ ಒಂದು ದೊಡ್ಡ ಚಮಚ ಕಡಿಮೆಯಾದರೆ 120, ಅನ್ನಕ್ಕೆ 20 ಗ್ರಾಂ ಅಕ್ಕಿ ಕಡಿಮೆ ಹಾಕಿದರೆ 70. ಅಲ್ಲಿಗೆ 350 ಆಯಿತು.

ಎಣ್ಣೆಯನ್ನು ದಿನವೂ ಅಳೆಯುವುದು ಕಷ್ಟ. ತಿಂಗಳ ಸಾಮಾನಿನ ಪಟ್ಟಿಯಲ್ಲಿ ನೋಡುವುದು ಸುಲಭ. ನಾಲ್ವರು ವಯಸ್ಕರಿರುವ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಬದಲು 2 ಲೀಟರ್ ತಂದರೆ ತಲಾ ದಿನಕ್ಕೆ ಒಂದು ದೊಡ್ಡ ಚಮಚ ಕಡಿಮೆಯಾದಂತೆ. ಬೆಳೆಯುವ ಮಕ್ಕಳಿಗೆ ಈ ಕಡಿತ ಅನ್ವಯಿಸುವುದಿಲ್ಲ.

ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320, ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ ಇದ್ದು, ವ್ಯತ್ಯಾಸ ಅಲ್ಪ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಬಹಳ ಹೆಚ್ಚಿರುವುದರಿಂದ ಅದು ಉತ್ತಮ ಆಹಾರವೇ ಸರಿ; ಆದರೆ ಮುದ್ದೆಯ ಗಾತ್ರಕ್ಕೂ ಮಿತಿ ಬೇಕು. ಸಕ್ಕರೆಯ ಬದಲು ಬೆಲ್ಲ ಬಳಸುವುದರಿಂದಲೂ ಹೇಳಿಕೊಳ್ಳುವಂತಹ ಇಳಿಕೆ ಆಗುವುದಿಲ್ಲ. ಕಾಳು, ಬೇಳೆ, ಮೊಸರು, ಮೊಟ್ಟೆ, ಸೊಪ್ಪು ತರಕಾರಿಗಳನ್ನು ಕಡಿಮೆ ಮಾಡಬಾರದು. ವೈದ್ಯರ ಸಲಹೆಯಿಲ್ಲದೆ ದಿನದ ಒಟ್ಟು ಆಹಾರವನ್ನು 1,200 ಕ್ಯಾಲೊರಿಗಿಂತ ಕೆಳಗೆ ಇಳಿಸತಕ್ಕದ್ದಲ್ಲ.

ಮನೆಯಲ್ಲಿ ಮಾಡಬಹುದಾದ ವ್ಯಾಯಾಮ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡತಕ್ಕದ್ದು. ಮಾತನಾಡಲು ಆಗುವ, ಆದರೆ ಹಾಡಲು ಉಸಿರು ಸಾಲದ ವೇಗವೇ ಮಧ್ಯಮ ಶ್ರಮ. ಮೊದಲ ಎರಡು ವಾರ ನಿಂತಲ್ಲಿಯೇ ಕೈ ಬೀಸುತ್ತ ಹೆಜ್ಜೆ ಹಾಕುವುದನ್ನು ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಬಾರಿ ಮಾಡಿದರೆ ಸಾಕು. ಅನಂತರ ಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತುವುದು, ಮೆಟ್ಟಿಲು ಹತ್ತಿಳಿಯುವುದು, ಬಿರುಸಿನ ಸೂರ್ಯನಮಸ್ಕಾರ ಸೇರಿಸಬಹುದು. ಹಗ್ಗ ಜಿಗಿತವು ಮಂಡಿ ಗಟ್ಟಿಯಿರುವವರಿಗೆ ಮಾತ್ರ. ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ನಡೆಯಲಾಗದ ಮಲೆನಾಡು, ಕರಾವಳಿಯವರಿಗೆ ಈ ಕ್ರಮ ವಿಶೇಷವಾಗಿ ಅನುಕೂಲ. ನುಣುಪಾದ ನೆಲದ ಮೇಲೆ ಕಾಲುಚೀಲ ಮಾತ್ರ ಧರಿಸಿ ಮಾಡಬಾರದು. ಅಲುಗಾಡುವ ಸ್ಟೂಲು, ಕುರ್ಚಿಗಳನ್ನು ಮೆಟ್ಟಿಲಾಗಿ ಬಳಸಬಾರದು. ವಾರದಲ್ಲಿ ಎರಡು ದಿನ ಗೋಡೆಗೆ ಕೈಯೂರಿ ತಳ್ಳುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಮುಂತಾದ ಸ್ನಾಯುಬಲದ ಅಭ್ಯಾಸವೂ ಇರಲಿ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂದು ಗೃಹಿಣಿಯರು ಕೇಳುವುದುಂಟು. ಗುಡಿಸುವುದು, ಒರೆಸುವುದು, ಬಟ್ಟೆ ಒಗೆಯುವುದು ನಿಜವಾದ ಶ್ರಮವೇ. ಆದರೆ ಈಗಿನ ತೂಕವು ಆ ಶ್ರಮವೆಲ್ಲ ಕಳೆದು ಉಳಿದದ್ದು. ಹೊಸ ಇಳಿಕೆಗೆ ಹೊಸ ಚಟುವಟಿಕೆ ಬೇಕು, ಅದಕ್ಕೆ ಮನೆಯ ಇತರರು ಅವರಿಗೆ ಅರ್ಧ ಗಂಟೆ ಬಿಡುವು ಮಾಡಿಕೊಡಬೇಕು.

ವಾರಕ್ಕೊಮ್ಮೆ, ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡುವುದು ಸೂಕ್ತ. ತೂಕ ಕಡಿಮೆಯಾದಂತೆ ದೇಹದ ವ್ಯಯವೂ ತಗ್ಗುವುದರಿಂದ ಕೆಲವು ತಿಂಗಳ ನಂತರ ಇಳಿಕೆ ನಿಧಾನವಾಗುವುದು ಸಹಜ. 68 ಕೆ.ಜಿ. ಇರುವವರು ಮೂರೂವರೆ ಕೆ.ಜಿ. ಇಳಿಸಿದರೂ ರಕ್ತದೊತ್ತಡ ಹಾಗೂ ಸಕ್ಕರೆ ಅಂಶದಲ್ಲಿ ಸುಧಾರಣೆ ಕಾಣಬಹುದು.

ಎಚ್ಚರಿಕೆ

ಇನ್ಸುಲಿನ್, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವ ಮಧುಮೇಹಿಗಳು ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಪರಿಶೀಲಿಸಿಕೊಳ್ಳದೆ ಊಟ ಕಡಿಮೆ ಮಾಡಿ ವ್ಯಾಯಾಮ ಹೆಚ್ಚಿಸಬಾರದು. ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಕೈ ನಡುಕ, ತಣ್ಣನೆಯ ಬೆವರು, ತಲೆ ಸುತ್ತು ಕಂಡಲ್ಲಿ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯತಕ್ಕದ್ದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನವರು ಹಾಗೂ ಹೃದ್ರೋಗಿಗಳು ಈ ಕ್ರಮವನ್ನು ತಾವಾಗಿಯೇ ಆರಂಭಿಸಬಾರದು. ವ್ಯಾಯಾಮದ ವೇಳೆ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು ಬಂದಲ್ಲಿ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡತಕ್ಕದ್ದು. ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ ಅದು ಸಂತೋಷಪಡುವ ವಿಷಯವಲ್ಲ. ಕ್ಷಯ, ಮಧುಮೇಹ ಮುಂತಾದವುಗಳಿಗಾಗಿ ತಪಾಸಣೆ ಅಗತ್ಯ.

ತಪಾಸಣೆ

30 ವರ್ಷ ಮೇಲ್ಪಟ್ಟವರಿಗೆ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆಯನ್ನು ಉಚಿತವಾಗಿ ಮಾಡಲಾಗುತ್ತದೆ. ವ್ಯಾಯಾಮ ಆರಂಭಿಸುವ ಮುನ್ನ ಸಮೀಪದ ಕೇಂದ್ರಕ್ಕೆ ಭೇಟಿ ನೀಡುವುದು ಸೂಕ್ತ. ಹಿಂದಿನ ಔಷಧ ಚೀಟಿಗಳಿದ್ದಲ್ಲಿ ಜೊತೆಗೆ ತರತಕ್ಕದ್ದು.